ಬ್ಯಾಟರಿಯಿಲ್ಲದ ಗರಗಸ

ಲೋಟಾರ್ ಯಾವುದನ್ನೂ ಅವಸರದಲ್ಲಿ ಕೊಂಡವನಲ್ಲ. ಒಂದು ಜೊತೆ ಚಪ್ಪಲಿ ಬೇಕಿದ್ದರೂ ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಮನೆಗೆ ಬಂದು ಯೋಚಿಸಿ, ಮತ್ತೆ ಮೊದಲನೆಯ ಅಂಗಡಿಗೇ ಹೋಗುವ ಆಸಾಮಿ. ಲೈಪ್ಜಿಗ್‌ನಲ್ಲಿ ಜೀವನವಿಡೀ ಟ್ರಾಮ್ ಓಡಿಸಿದವನು. ಹಳಿ ಬಿಟ್ಟು ಆಚೀಚೆ ಹೋಗುವ ಅಭ್ಯಾಸ ಅವನ ಗಾಡಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ದೀಪ ಹಸಿರಾಗುವ ತನಕ ನಿಂತೇ ಇರುತ್ತಿದ್ದ. ಅಂಥವನು ಒಂದು ಗರಗಸ ಕೊಳ್ಳುವುದಕ್ಕೆ ಇಡೀ ಫೆಬ್ರುವರಿ ತಿಂಗಳನ್ನು ತಿಂದು ಹಾಕಿದಾಗ ಯಾರಿಗೂ ಅನುಮಾನ ಬರಲಿಲ್ಲ. ಮುದುಕನ ಸ್ವಭಾವವೇ ಅಷ್ಟು ಅಂದುಕೊಂಡರು.

ಊರಂಚಿನಲ್ಲಿ, ರೈಲುಹಳಿಯ ಪಕ್ಕದಲ್ಲಿ, 'ಮುಂಜಾವು' ಅನ್ನುವ ತೋಟಗಾರರ ಸಂಘ. ಅಲ್ಲಿ ಲೋಟಾರ್ ಮತ್ತು ಅವನ ಹೆಂಡತಿ ರೊಸ್ವಿತಾ ಒಂದು ತುಂಡು ನೆಲವನ್ನು ಗುತ್ತಿಗೆಗೆ ಹಿಡಿದಿದ್ದರು. ಹಲಗೆಯ ಒಂದು ಪುಟ್ಟ ಮನೆ, ನಾಲ್ಕು ಸಾಲು ಆಲೂಗಡ್ಡೆ, ಮೂಲೆಯಲ್ಲಿ ಒಂದು ಅಕ್ರೋಟು ಮರ. ತಂಟೆಯೆಲ್ಲ ಆ ಮರದ್ದೇ. ಸಂಘದ ನಿಯಮದಂತೆ ಬೇಲಿ ಎದೆಯೆತ್ತರ ಮೀರಬಾರದು, ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ಸದ್ದು ಮಾಡಬಾರದು, ಅಕ್ರೋಟನ್ನಂತೂ ನೆಡಲೇಬಾರದು; ಅದರ ನೆರಳಿಗೆ ಪಕ್ಕದವರ ಟೊಮೆಟೊ ಸೊರಗುತ್ತದೆ. ರೊಸ್ವಿತಾ ಅದನ್ನು ನೆಟ್ಟಿರಲಿಲ್ಲ. ಅವಳು ಆಸ್ಪತ್ರೆಯ ಅಡುಗೆಮನೆಯ ಕೆಲಸದಿಂದ ನಿವೃತ್ತಳಾದ ವರ್ಷ, ಯಾವುದೋ ಕಾಗೆ ಹೂತಿಟ್ಟು ಮರೆತ ಕಾಯಿ ತಾನೇ ಮೊಳೆತಿತ್ತು. "ಇರಲಿ ಬಿಡು, ಕಾಗೆ ಕೊಟ್ಟ ಪೆನ್ಷನ್ನು" ಅಂದಿದ್ದಳು. ಈಗ ಅದು ತೊಡೆಗಾತ್ರ ಬೆಳೆದಿತ್ತು, ಬೇಸಿಗೆಯಿಡೀ ಅವಳ ಕುರ್ಚಿ ಅದರ ಕೆಳಗೆ.

ಹಿಂದಿನ ಅಧ್ಯಕ್ಷ ಕಂಡೂ ಕಾಣದ ಹಾಗಿದ್ದ. ಹೊಸದಾಗಿ ಬಂದ ಬಿರ್ಗಿಟ್ ಹಾಗಲ್ಲ. ಶರತ್ಕಾಲದ ತಪಾಸಣೆಗೆ ಬಂದವಳು ಮರದ ಬುಡದಲ್ಲಿ ನಿಂತು ತುದಿಯವರೆಗೆ ಕಣ್ಣು ಹಾಯಿಸಿದಳು.

"ಲೋಟಾರ್, ಇದು ಫೆಬ್ರುವರಿ ಮುಗಿಯೋದ್ರೊಳಗೆ ಹೋಗ್ಬೇಕು. ಇಲ್ಲಾಂದ್ರೆ ನಿನ್ನ ಗುತ್ತಿಗೆ ವಿಷಯ ಸಭೆಗೆ ಬರುತ್ತೆ, ಆಮೇಲೆ ನನ್ನ ಬೈಕೋಬೇಡ."

ಆ ಬೇಲಿಯೊಳಗೆ ವಯಸ್ಸು ನೋಡುವ ಪದ್ಧತಿಯಿಲ್ಲ, ಎಲ್ಲರಿಗೂ ಎಲ್ಲರೂ ನೀನು. ಫೆಬ್ರುವರಿ ಯಾಕೆಂದರೆ ಮಾರ್ಚಿ ಒಂದರಿಂದ ಹಕ್ಕಿ ಗೂಡು ಕಟ್ಟುವ ಕಾಲ. ಅಲ್ಲಿಂದ ಸೆಪ್ಟೆಂಬರ್ ಮುಗಿಯುವವರೆಗೆ ಯಾರೂ ಮರಕ್ಕೆ ಅಲಗು ತಾಗಿಸುವ ಹಾಗಿಲ್ಲ. ಲೋಟಾರ್ ಹೂಂ ಅಂದ. ನಿಯಮ ಅಂದರೆ ನಿಯಮ.

ಜನವರಿಯಲ್ಲಿ ರೊಸ್ವಿತಾಳ ಹೊಟ್ಟೆನೋವಿಗೆ ಡಾಕ್ಟರು ಒಂದು ಹೆಸರು ಹೇಳಿದರು. ಆ ಹೆಸರು ಕೇಳಿದ ಮೇಲೆ ಇನ್ನೇನೂ ಕೇಳುವುದು ಉಳಿಯುವುದಿಲ್ಲ. "ಬೇಸಿಗೆ ನೋಡ್ಬಹುದು. ಅದರಾಚೆ ನಾನು ಹೇಳಲಾರೆ" ಅಂದರು. ಮನೆಗೆ ಬಂದು ಕೋಟು ಬಿಚ್ಚುತ್ತ ಅವಳು ಅತ್ತಿದ್ದೂ ಇಲ್ಲ, ಕೂಗಾಡಿದ್ದೂ ಇಲ್ಲ.

"ಮೇ ತಿಂಗಳಲ್ಲಿ ಮರ ಚಿಗುರಿದ ಮೇಲೆ ನನ್ನನ್ನ ಅದರ ಕೆಳಗೆ ಕೂರಿಸ್ಬಿಡು ಮಾರಾಯ. ಗೋಡೆ ನೋಡಿ ನೋಡಿ ಸಾಕಾಗಿದೆ. ಮತ್ತೆ ನೋಡು, ಊರಿಗೆಲ್ಲ ಡಂಗುರ ಹೊಡೀಬೇಡ. ಅಯ್ಯೋ ಪಾಪ ಅಂತ ಬಾಗಿಲು ತಟ್ಕೊಂಡು ಬರೋರನ್ನ ಕಂಡ್ರೆ ನಂಗಾಗಲ್ಲ."

ಮರ ಹೋಗಬೇಕೆನ್ನುವುದು ಅವಳಿಗೆ ಗೊತ್ತಿರಲಿಲ್ಲ, ಅವನು ಹೇಳಿರಲೂ ಇಲ್ಲ. ಒಂದು ಸಲ ಬಿರ್ಗಿಟ್ ಹತ್ತಿರ ಹೋಗಿ, ಅಕ್ಟೋಬರಿಗೆ ಕಡಿದರೆ ಆಗದೇ ಅಂತ ಕೇಳಿ ನೋಡಿದ. "ನಿಂಗೊಬ್ಬನಿಗೆ ಬಿಟ್ರೆ ನಾಳೆ ಎಲ್ರೂ ನನ್ನ ತಲೆ ಮೇಲೆ ಕೂರ್ತಾರೆ. ಯಾಕೆ, ಏನು ಕಾರಣ?" ಅಂದಳು. ಕಾರಣ ಹೇಳುವ ಹಾಗಿರಲಿಲ್ಲ. ವಾಪಸು ಬಂದ.

ಆಮೇಲೆಯೇ ಅವನ ಗರಗಸದ ಓಡಾಟ ಶುರುವಾಗಿದ್ದು. ಸಾಮಾನಿನ ದೊಡ್ಡ ಅಂಗಡಿಗೆ ಟ್ರಾಮ್ ಹತ್ತಿ ಹೋಗುವುದು, ಒಂದೊಂದನ್ನೂ ಕೈಯಲ್ಲಿ ತೂಗಿ ನೋಡುವುದು, ಕೆಳಗಿಡುವುದು. ಅಂಗಡಿಯ ಧಡೂತಿ ಹುಡುಗಿಗೆ ಅವನ ಮುಖ ಪರಿಚಯವಾಗಿಬಿಟ್ಟಿತ್ತು.

"ಮರ ಎಷ್ಟು ದಪ್ಪ ಅಂದ್ರಿ?"

"ತೊಡೆಗಾತ್ರ."

"ಯಾರ ತೊಡೆ? ನಿಮ್ದಾ, ನಂದಾ?"

"ನಿಮ್ದಷ್ಟಿಲ್ಲ ಬಿಡಿ."

ಹುಡುಗಿ ನಕ್ಕಳು. "ಹಾಗಾದ್ರೆ ಪೆಟ್ರೋಲಿಂದು ಬೇಡವೇ ಬೇಡ, ಹಗ್ಗ ಎಳೆದೂ ಎಳೆದೂ ತೋಳು ಕಿತ್ಕೊಂಡು ಬರುತ್ತೆ. ವೈರಿಂದು ಅಂದ್ರೆ ತೋಟದ ಮೂಲೆಗೆ ಕರೆಂಟು ಯಾರು ತರ್ತಾರೆ? ಬ್ಯಾಟರಿದೇ ಸರಿ. ವರ್ಷಕ್ಕೆರಡು ಕೊಂಬೆ ಕಡಿಯೋರಿಗೆ ಗೇಣುದ್ದಕ್ಕಿಂತ ಸ್ವಲ್ಪ ಉದ್ದದ ಅಲಗು ಸಾಕು. ಎಣ್ಣೆ ತಾನಾಗೇ ಸರಪಳಿಗೆ ಇಳಿಯುತ್ತಾ ನೋಡಿ. ಹಿಡಿ ಬಿಟ್ಟ ತಕ್ಷಣ ನಿಲ್ಲುತ್ತಾ ನೋಡಿ. ಬಾಕಿದ್ದೆಲ್ಲ ಬರೀ ಬಣ್ಣ."

ಬರೀ ಬಣ್ಣವಂತೆ! ಆ ಊರಿನಲ್ಲಿ ಬಣ್ಣವೇ ಎಲ್ಲ. ಒಂದು ಸಲ ಹಸಿರು ಕಂಪನಿಯ ಯಂತ್ರ ಕೊಂಡವನು ಆಮೇಲೆ ಹುಲ್ಲು ಕೊಯ್ಯುವುದೂ ಹಸಿರೇ, ಎಲೆ ಊದುವುದೂ ಹಸಿರೇ, ಯಾಕೆಂದರೆ ಒಂದೇ ಬ್ಯಾಟರಿ ಎಲ್ಲಕ್ಕೂ ಕೂರುತ್ತದೆ. ಅದಕ್ಕೇ ಬ್ಯಾಟರಿಯಿಲ್ಲದ ಒಂಟಿ ಡಬ್ಬಗಳನ್ನೂ ಮಾರುತ್ತಾರೆ, ಬೆಲೆ ಅರ್ಧಕ್ಕರ್ಧ ಕಡಿಮೆ. ಅಗ್ಗಕ್ಕೆ ಸಿಕ್ಕಿತೆಂದು ಒಂಟಿ ಡಬ್ಬ ಹೊತ್ತು ತಂದು, ತೋಟದಲ್ಲಿ ಬಿಚ್ಚಿ, ತಲೆ ಮೇಲೆ ಕೈ ಹೊತ್ತು ಕೂರುವ ಪೆದ್ದು ವರ್ಷಕ್ಕೊಬ್ಬನಾದರೂ ಆ ಸಂಘದಲ್ಲಿ ಸಿಗುತ್ತಾನೆ.

ಆ ಪೆದ್ದು ತಾನೇ ಆಗಬೇಕೆಂದು ಲೋಟಾರ್ ನಿಶ್ಚಯಿಸಿದ್ದ. ಫೆಬ್ರುವರಿಯ ಕೊನೆಯ ದಿನ ಶನಿವಾರ. ಸಂಜೆಯ ಮುಂದೆ ಎಲ್ಲರೆದುರು ಡಬ್ಬ ಬಿಚ್ಚುವುದು, ಅಯ್ಯೋ ಬ್ಯಾಟರಿಯೇ ಇಲ್ಲವಲ್ಲ ಅನ್ನುವುದು. ಮತ್ತೆ ಅಂಗಡಿಗೆ ಹೋಗಿ ಬರುವುದರೊಳಗೆ ಕತ್ತಲೆ. ಮಾರನೆಯ ದಿನ ಭಾನುವಾರ, ಅಂಗಡಿ ಬಂದ್, ಸಾಲದ್ದಕ್ಕೆ ಮಾರ್ಚಿ ಒಂದು. ಜಿಪುಣ ಮುದುಕ ಅಂತ ನಾಲ್ಕು ಜನ ನಗುತ್ತಾರೆ, ನಗಲಿ. ಮರ ಅಕ್ಟೋಬರಿನವರೆಗೆ ನಿಲ್ಲುತ್ತದೆ, ರೊಸ್ವಿತಾಳಿಗೆ ಅಷ್ಟು ಸಾಕು. ಜೀವನದಲ್ಲಿ ಒಂದು ಸಲವೂ ಯಾರಿಗೂ ಮೋಸ ಮಾಡದವನು ಹೀಗೆ ಲೆಕ್ಕ ಹಾಕಿದ.

ಒಂಟಿ ಡಬ್ಬಗಳು ಎರಡಿದ್ದವು, ಒಂದು ಹಸಿರು, ಒಂದು ನೀಲಿ. ಹಸಿರಿಗೆ ಇಪ್ಪತ್ತು ಯೂರೋ ಜಾಸ್ತಿ. ಹೇಗೂ ಓಡಿಸುವುದಿಲ್ಲ, ಸುಮ್ಮನೆ ದಂಡ ಯಾಕೆಂದು ನೀಲಿಯನ್ನು ಎತ್ತಿಕೊಂಡ.

"ಇದರಲ್ಲಿ ಬ್ಯಾಟರಿ ಬರಲ್ಲ, ಗೊತ್ತಲ್ಲ? ಮನೇಲಿ ನೀಲಿದು ಇದೆ ತಾನೆ?" ಅಂದಳು ಹುಡುಗಿ.

"ಇದೆ" ಅಂದ. ಕಿವಿ ಬಿಸಿಯಾಯಿತು.

ತೋಟದ ಬಾಗಿಲಲ್ಲೇ ಬಿರ್ಗಿಟ್ ಇದ್ದಳು. ಅವಳ ಕಣ್ಣಿಗೆ ಬೀಳುವ ಹಾಗೆಯೇ ಡಬ್ಬ ಹೊತ್ತು ನಡೆದ. ಅವಳು ಹಿಂದೆಯೇ ಬಂದಳು. ಪಕ್ಕದ ತೋಟದಲ್ಲಿ ರೋನಿ ಹಕ್ಕಿಗೂಡಿನ ಪೆಟ್ಟಿಗೆಗಳನ್ನು ಗುಡಿಸುತ್ತಿದ್ದ. ಆಂಬುಲೆನ್ಸ್ ಓಡಿಸುವವನು, ಕರೆದರೆ ಓಡಿ ಬರುವ ಜಾತಿ, ಕರೆಯದಿದ್ದರೂ ಬರುವವನು.

"ಏನ್ ಲೋಟಾರ್, ಕೊನೆಗೂ ಗಂಟು ಬಿಚ್ಚಿದ್ಯಾ? ತೋರ್ಸು ತೋರ್ಸು!" ಅಂತ ಬೇಲಿಯ ಮೇಲಿಂದ ಕತ್ತು ಚಾಚಿದ.

ಲೋಟಾರ್ ಡಬ್ಬ ಬಿಚ್ಚಿದ. ಒಳಗೆಲ್ಲ ತಡಕಾಡಿದ, ಡಬ್ಬ ತಲೆಕೆಳಗು ಮಾಡಿ ಅಲ್ಲಾಡಿಸಿದ. "ಬ್ಯಾಟರಿ... ಇಲ್ವಲ್ಲ" ಅಂದ. ಮಾತು ಬಾಯಿಪಾಠದ ಹಾಗೆ ಬಂತು, ಆದರೂ ಬಿರ್ಗಿಟ್ ಗೊಳ್ಳೆಂದು ನಕ್ಕಳು.

"ಈ ವರ್ಷದ ಬಕರಾ ನೀನೇನಾ! ನಾಲ್ಕು ಕಾಸು ಉಳಿಸೋಕೆ ಹೋಗಿ ನೋಡು. ಸರಿ, ಇನ್ನೇನು ಮಾಡೋಕಾಗುತ್ತೆ? ಅಕ್ಟೋಬರಿಗೇ ಇಟ್ಕೋ. ಸಭೇಲಿ ನಾನು ಹೇಳ್ತೀನಿ."

ಅಕ್ಟೋಬರ್! ಅವನ ಎದೆ ಹಗುರಾಯಿತು. ಇಷ್ಟು ಸುಲಭವೇ ಅನಿಸಿತು. ಮೇ ತಿಂಗಳ ಬಿಸಿಲು, ಎಲೆ, ಕೆಳಗೆ ಅವಳು, ಎಲ್ಲ ಕಣ್ಣಿಗೆ ಕಟ್ಟಿತು.

"ಏಯ್, ತಾಳು ತಾಳು" ಅಂದ ರೋನಿ. "ಅದು ನೀಲಿಯಲ್ವೇನೋ? ನನ್ನ ಬೇಲಿ ಕತ್ತರಿಸೋ ಯಂತ್ರಾನೂ ನೀಲಿ! ಬೆಳಿಗ್ಗೆ ತಾನೆ ಚಾರ್ಜ್ ಮಾಡಿದೀನಿ."

ಬೇಡ ಅನ್ನುವುದರೊಳಗೆ ಅವನು ಗುಡಿಸಲಿಗೆ ಓಡಿಯಾಗಿತ್ತು. ತಿಂಗಳಿಡೀ ತೂಕ ನೋಡಿ, ಅಲಗು ನೋಡಿ, ಬೆಲೆ ನೋಡಿ ಆರಿಸಿದ ಲೋಟಾರ್ ಪಕ್ಕದ ಬೇಲಿಯಾಚೆ ಯಾವ ಬಣ್ಣವಿದೆ ಅಂತ ಮಾತ್ರ ನೋಡಿರಲಿಲ್ಲ. ಇಪ್ಪತ್ತು ಯೂರೋ ಹೆಚ್ಚು ಕೊಟ್ಟು ಹಸಿರನ್ನು ತಂದಿದ್ದರೆ ಮುಗಿದಿತ್ತು. ರೋನಿ ಬಂದ, ಎಣ್ಣೆಯನ್ನೂ ತಾನೇ ಸುರಿದ, ಬ್ಯಾಟರಿ ಟಕ್ಕೆಂದು ಕೂತಿತು.

"ಹೊಸದು ನಿಂದು, ಮೊದಲ ಕೊಯ್ತ ನಿಂದೇ. ಬಾ, ಬೆಳಕಿದೆ ಇನ್ನೂ. ನಾನು ಮರ ಹಿಡ್ಕೋತೀನಿ."

ಆಗಲೂ ಹೇಳಬಹುದಿತ್ತು. ನಾನು ಸುಳ್ಳು ಹೇಳಿದೆ, ನನ್ನ ಹೆಂಡತಿ ಸಾಯುತ್ತಿದ್ದಾಳೆ, ಮರ ಬಿಟ್ಟುಬಿಡಿ ಅನ್ನಬಹುದಿತ್ತು. ಆದರೆ ಅವಳಿಗೆ ಕೊಟ್ಟ ಮಾತಿತ್ತು, ಈಗಷ್ಟೇ ಆಡಿದ ನಾಟಕದ ನಾಚಿಕೆಯಿತ್ತು. ಇಬ್ಬರೂ ಅವನಿಗೆ ಉಪಕಾರ ಮಾಡುವ ಖುಷಿಯಲ್ಲಿ ನಿಂತಿದ್ದರು. ಅವನು ಗರಗಸ ಕೈಗೆ ತೆಗೆದುಕೊಂಡ.

ಹಾಳಾದ್ದು, ಎಂಥ ಒಳ್ಳೆಯ ಗರಗಸ! ಕೈಗೆ ಭಾರವೇ ಇಲ್ಲ, ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಒಂದು ಸಿಗರೇಟು ಸೇದುವಷ್ಟು ಹೊತ್ತಿನಲ್ಲಿ ಮರ ನೆಲದ ಮೇಲಿತ್ತು. ಅಕ್ರೋಟನ್ನು ಆ ಕಾಲದಲ್ಲಿ ಕಡಿದರೆ ನೀರು ಸುರಿಯುತ್ತದೆ. ಕೊರಡಿನ ಮೇಲೆಲ್ಲ ಪಸೆ ಉಕ್ಕಿತು. ರೋನಿ ಬಿಯರ್ ತಂದ, ಮೂವರೂ ಕುಡಿದರು. "ನೋಡು, ಸಂಘ ಅಂತ ಇರೋದು ಇದಕ್ಕೇ" ಅಂದಳು ಬಿರ್ಗಿಟ್. ಬೈಯೋಣವೆಂದರೆ ಅವರಿಬ್ಬರಲ್ಲಿ ಬೈಯುವಂಥದ್ದು ಏನೂ ಇರಲಿಲ್ಲ. ಅದೇ ಸಂಕಟ. ಲೋಟಾರ್ ಥ್ಯಾಂಕ್ಸ್ ಹೇಳಿದ.

ಮೇ ಬಂತು.

"ಚಿಗುರಿದೆಯಾ?" ಅಂತ ರೊಸ್ವಿತಾ ಮಂಚದಿಂದ ಕೇಳಿದಳು.

"ಚಿಗುರಿದೆ."

"ಹಾಗಾದ್ರೆ ಯಾವತ್ತು?"

ಟ್ರಾಮ್ ಹಳಿ ರಿಪೇರಿ ಅಂದ. ಆಮೇಲೆ ತಣ್ಣನೆ ಗಾಳಿ ಅಂದ. ಆಮೇಲೆ ಗಾಲಿಕುರ್ಚಿ ಆ ಜಲ್ಲಿ ದಾರಿಯಲ್ಲಿ ಹೋಗಲ್ಲ ಅಂದ. ಅವಳು ದಿನದಿನಕ್ಕೆ ಹಳದಿಯಾಗಿ, ಹಾಸಿಗೆಗೆ ಅಂಟಿಕೊಂಡು, ಕಣ್ಣು ಮಾತ್ರ ಉಳಿದಿದ್ದವು. ಜೂನಿನ ಒಂದು ಬೆಳಿಗ್ಗೆ ಅವನ ಕೈ ಹಿಡಿದುಕೊಂಡಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ನನ್ನ ಈ ಅವತಾರ ನೋಡಿ ಅಲ್ಲಿಯವರೆಲ್ಲ ಏನಂತಾರೋ ಅಂತ ನಾಚಿಕೆ ತಾನೆ ನಿಂಗೆ?"

ಅಲ್ಲ ಅಂದರೆ ಮತ್ತೆ ಯಾಕೆ ಅಂತ ಕೇಳುತ್ತಾಳೆ. ಆಗ ಮರದ ಮಾತು ಬಾಯಿಗೆ ಬರುತ್ತದೆ. ಅವಳ ಪಾಲಿಗೆ ಈಗ ಉಳಿದಿರುವುದು ಅದೊಂದೇ, ಅದು ಎಲೆ ತುಂಬಿಕೊಂಡು ನಿಂತಿದೆಯೆಂದು ನಂಬಿದ್ದಾಳೆ.

"ಹೂಂ" ಅಂದ.

ಅವಳು ಕೈ ಬಿಡಲಿಲ್ಲ. "ಅಷ್ಟೇ ತಾನೆ. ಮೊದಲೇ ಹೇಳ್ಬಾರ್ದಿತ್ತಾ, ಹುಚ್ಚಪ್ಪ" ಅಂದಳು. "ಹೋಗ್ಲಿ, ನೀನೇ ಹೋಗಿ ನನ್ನ ಕುರ್ಚಿ ಮೇಲೆ ಕೂತ್ಕೊಂಡು ಬಾ. ನೆರಳು ಹೇಗಿದೆ ಅಂತ ಹೇಳು."

ಅವನು ಹೋದ. ಕೊರಡಿನ ಪಕ್ಕದಲ್ಲಿ ಅವಳ ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಬಟಾಬಯಲಲ್ಲಿ ಕೂತ. ಬಂದು, ನೆರಳು ತುಂಬ ತಂಪಾಗಿತ್ತು ಅಂದ. ರೊಸ್ವಿತಾ ಬಿಸಿಲಿಗೆ ಸುಟ್ಟು ಕೆಂಪಾಗಿದ್ದ ಅವನ ಮೂಗನ್ನೂ ಹಣೆಯನ್ನೂ ನೋಡಿದಳು. ಹತ್ತಿರ ಬಾ ಅಂದಳು.