ಹಾರಲು ಕಲಿತ ಡ್ರ್ಯಾಗನ್

ಗೆಳೆಯರೇ, ಇವತ್ತು ಪ್ಲಾಸ್ಟಿಕ್ ಡ್ರ್ಯಾಗನ್ ಹಿಡಿದು ಹಳಿಯಾಳದ ಬಸ್ ನಿಲ್ದಾಣಕ್ಕೆ ಓಡಿದೆ. ಟಿವಿಗೆ ಜೋಡಿಸಿದ ಪೀಠದ ಮೇಲಿಟ್ಟರೆ ಈ ಗೊಂಬೆ ವಿಡಿಯೋ ಗೇಮ್‌ನೊಳಗೆ ಜೀವ ಪಡೆಯುತ್ತದೆ. ಮುಂಡಗೋಡದ ನನ್ನ ತಂಗಿಯ ಮಗಳ ಬಳಿಯೂ ಅಂಥದ್ದೇ ಇದೆ. ನಮ್ಮ ಮನೆಗೆ ಬಂದಿದ್ದ ತಾಯಿ-ಮಗಳು ಊರಿಗೆ ಹೊರಡುವಾಗ ಎರಡೂ ಅದಲುಬದಲಾಗಿದ್ದವು.

“ಎರಡೂ ಒಂದ ಥರ ಅದಾವಲ್ಲ, ಏನ್ ಫರಕ್ ಬೀಳ್ತೈತಿ?” ಎಂದೆ ಮಗಳಿಗೆ.

“ಅವ್ವಾ, ಕಲ್ತದ್ದೆಲ್ಲಾ ಗೊಂಬಿ ಒಳಗ ಉಳೀತೈತಿ. ನಂದು ಹಾರಾಕ ಕಲ್ತೈತಿ, ಇದಿನ್ನೂ ಬರೇ ನಡೀತೈತಿ!” ಎಂದು ಅತ್ತೇಬಿಟ್ಟಳು.

ಹೊರಟಿದ್ದ ಬಸ್ಸಿಗೆ ಕೈಯಡ್ಡ ಹಿಡಿದು ನಿಲ್ಲಿಸಿ, ಕಿಟಕಿಯಲ್ಲೇ ಗೊಂಬೆ ಬದಲಾಯಿಸಿಕೊಂಡೆ.

ಮನೆಗೆ ಬಂದು ಪೀಠದ ಮೇಲಿಟ್ಟರೆ, ಪರದೆಯಲ್ಲಿ ಅದು ನಿಜವಾಗಿಯೂ ಹಾರಿತು! ಇನ್ನೇನೇನು ಕಲಿಯುತ್ತದೋ ನೋಡೋಣವೆಂದು ನಾನೇ ಆಡಲು ಕುಳಿತೆ. ಈಗ ಮಗಳು ಬೆನ್ನ ಹಿಂದೆ ನಿಂತು ಕೇಳುತ್ತಿದ್ದಾಳೆ: “ಅವ್ವಾ, ನನ್ನ ಪಾಳಿ ಯಾವಾಗ ಬರ್ತೈತಿ?”