ಕೊನೆಯ ಪಂದ್ಯದ ಚೆಂಡು

ಕೆನಡಾದ ಮಿಸಿಸಾಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಧಾರವಾಡದವರೊಬ್ಬರಿದ್ದರು. ಬೇಸ್‌ಮೆಂಟಿನ ಕಪಾಟು ತೆರೆದು, ತಮ್ಮ ಮೆಚ್ಚಿನ ಬೇಸ್‌ಬಾಲ್ ಆಟಗಾರನ ಕತೆಯನ್ನು ಸಾಮಾನು ತೋರಿಸುತ್ತಲೇ ಹೇಳುತ್ತಿದ್ದರು. ಅವನ ಹುಡುಗುಮುಖದ ಚಿತ್ರವಿದ್ದ ಮೊದಲ ಕಾರ್ಡು, ಗೆದ್ದ ವರ್ಷದ ಟೋಪಿ, ಮೊಣಕಾಲು ನೋವಿನ ವರ್ಷದ ಮುರಿದ ಬ್ಯಾಟು, ಕೊನೆಗೆ ವಿದಾಯದ ಪಂದ್ಯದಂದು ಅವನೇ ಸಹಿ ಹಾಕಿಕೊಟ್ಟ ಚೆಂಡು.

“ಮುಟ್ಟಬ್ಯಾಡ್ರಿ ಅಕ್ಕಾರ, ನೋಡ್ರಿ ಅಷ್ಟ,” ಎನ್ನುತ್ತಿದ್ದರು.

ಆಯುಧಪೂಜೆಯ ಬೆಳಿಗ್ಗೆ, ಊರಿಂದ ಬಂದಿದ್ದ ಅವರ ತಾಯಿ ಮಿಕ್ಸರಿನ ಜೊತೆ ಈ ಬ್ಯಾಟು, ಚೆಂಡನ್ನೂ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ ಕುಂಕುಮ ಹಚ್ಚಿದರು. ನಾನು ಪ್ರಸಾದಕ್ಕೆ ಹೋದಾಗ ಸಹಿ ಬರೀ ನೀಲಿ ಕಲೆಯಾಗಿತ್ತು.

“ನಿನ್ನ ಆಟಗಾರಗೂ ಪೂಜಾ ಆತ್ ನೋಡಪಾ!” ಎಂದು ತಾಯಿ ಹಿಗ್ಗಿದರು.

ಮಗ ಚೆಂಡನ್ನೇ ನೋಡುತ್ತ ನಿಂತರು. “ಛಲೋ ಆತು ಬಿಡವಾ,” ಎಂದು ಕೈ ಮುಗಿದರು.

ತಾಯಿ ಊರಿಗೆ ಮರಳಿದ ಮೇಲೂ ಅವರು ಕಪಾಟು ತೋರಿಸುತ್ತಿದ್ದರು. ಆದರೆ ಆಟಗಾರನ ಕತೆ ವಿದಾಯದ ಪಂದ್ಯದವರೆಗೆ ಬರುತ್ತಿರಲಿಲ್ಲ.