ತೊಗರಿ ಹೊಲದ ಹಂದಿ

ಮದುವೆಯಾಗಿ ಧಾರವಾಡದಿಂದ ಅಹಮದಾಬಾದಿಗೆ ಬಂದ ಮೊದಲ ವರ್ಷ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ನವರಂಗಪುರದಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಗಂಡ ಒಂದು ಸಂಶೋಧನಾ ಸಂಸ್ಥೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ತಿಂಗಳಲ್ಲಿ ಹತ್ತು ದಿನ ಊರ ಹೊರಗೆಲ್ಲೋ ಡೇರೆ ಹಾಕಿಕೊಂಡು ಆಕಾಶದಿಂದ ಬರುವ ಅದೇನೋ ಅಲೆಗಳನ್ನು ಅಳೆಯುವುದು ಅವರ ಕೆಲಸ. ಬೆಳಗಿನ ಹತ್ತು ಗಂಟೆಗೆ ನನ್ನ ಅಡಿಗೆ, ಬಟ್ಟೆ, ಪಾತ್ರೆ ಎಲ್ಲ ಮುಗಿದಿರುತ್ತಿತ್ತು. ಗುಜರಾತಿ ಬರುತ್ತಿರಲಿಲ್ಲ. ಊರಿಂದ ತಂದ ಪುಸ್ತಕಗಳನ್ನು ಎರಡೆರಡು ಸಲ ಓದಿಯಾಗಿತ್ತು. ಬಾಗಿಲಿಗೆ ಬರುವುದು, ಒಳಗೆ ಹೋಗುವುದು, ಮತ್ತೆ ಬರುವುದು.

ಒಂದು ದಿನ ಕೆಳಗಿನ ಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಕೊಡಗಿನವರು, ನಲವತ್ತೈದರ ಆಸುಪಾಸಿನವರು. ಅವರ ಯಜಮಾನರು ಅದೇ ಸಂಸ್ಥೆಯ ವರ್ಕ್‌ಶಾಪಿಗೆ ಹಿರಿಯರು.

"ದಿನವಿಡೀ ನನ್ನ ತಲೆಯ ಮೇಲೆ ನಡೀತಾ ಇರ್ತೀಯಲ್ಲ, ಎಲ್ಲಿಗೆ ಹೋಗ್ತಾ ಇದ್ದೀಯ?" ಎಂದು ಕೇಳಿದರು.

ನನಗೆ ನಾಚಿಕೆಯಾಯಿತು. ಎಲ್ಲಿಗೂ ಇಲ್ಲ ಎಂದೆ. ಅವರು ನಗಲಿಲ್ಲ. ತಮಗೂ ಹಾಗೇ ಆಗುತ್ತದೆ, ಕೆಳಗೆ ಇರುವುದರಿಂದ ಯಾರಿಗೂ ಕೇಳಿಸುವುದಿಲ್ಲ ಅಷ್ಟೆ ಎಂದರು. ಅಂದಿನಿಂದ ನಾನು ಅವರನ್ನು ಅಕ್ಕ ಎಂದು ಕರೆಯತೊಡಗಿದೆ.

ಅಕ್ಕನ ಮನೆಯ ಕಪಾಟಿನ ಮೇಲೆ ಕಂಬಳಿಯಲ್ಲಿ ಸುತ್ತಿಟ್ಟ ಒಂಟಿ ನಳಿಗೆಯ ಕೋವಿ ಇತ್ತು. ಅವರ ತಂದೆ ಕೊಟ್ಟದ್ದು. ಮಗಳಿಗೂ ಗಂಡುಮಕ್ಕಳಿಗೂ ಒಂದೇ ದಿನ ಗುರಿ ಇಡಲು ಕಲಿಸಿದವರಂತೆ ಅವರು. ತಿಂಗಳಿಗೊಮ್ಮೆ ಅಕ್ಕ ಅದನ್ನು ಇಳಿಸಿ, ನಳಿಗೆಯಲ್ಲಿ ಎಣ್ಣೆಬಟ್ಟೆ ಎಳೆದು, ಮತ್ತೆ ಸುತ್ತಿಡುತ್ತಿದ್ದರು. ಈ ಊರಿಗೆ ಬಂದ ಮೇಲೆ ಒಂದು ಈಡೂ ಹೊಡೆದಿರಲಿಲ್ಲ.

ನಮ್ಮಿಬ್ಬರಿಗೂ ಕೆಲಸ ಸಿಕ್ಕಿದ್ದು ಗಂಡಸರ ಡೇರೆ ಸಾಮಾನಿನಿಂದ. ಪ್ರತಿ ಸಲವೂ ಅವರು ಒದ್ದೆ ಬೆಂಕಿಪೊಟ್ಟಣ, ಮಸಿ ಹಿಡಿದ ಪಾತ್ರೆ, ಹೊಟ್ಟೆನೋವು ಹೊತ್ತುಕೊಂಡು ಬರುತ್ತಿದ್ದರು. ಇವರಿಗೆ ಕಾಡಿನಲ್ಲಿ ಇರಲು ಬರುವುದಿಲ್ಲ, ನಾವೇ ಕಟ್ಟಿ ಕಳಿಸೋಣ ಎಂದರು ಅಕ್ಕ. ಮೇಣದಬತ್ತಿ ಕರಗಿಸಿ ಬೆಂಕಿಕಡ್ಡಿಗಳ ತಲೆಯನ್ನು ಒಂದೊಂದಾಗಿ ಅದ್ದಿ ಒಣಗಿಸಿದೆವು. ಫೋಟೋ ರೀಲಿನ ಅಲ್ಯುಮಿನಿಯಂ ಡಬ್ಬಿಯಲ್ಲಿ ತುಂಬಿದರೆ ನೀರಿಗೆ ಬಿದ್ದರೂ ಹತ್ತುತ್ತಿದ್ದವು. ಹಳೆಯ ಸೈಕಲ್ ಟ್ಯೂಬನ್ನು ಬೆರಳುದ್ದ ಕತ್ತರಿಸಿ ಕಟ್ಟಿಟ್ಟೆವು. ಹಸಿ ಕಟ್ಟಿಗೆಯ ಕೆಳಗೆ ಒಂದು ತುಂಡು ಇಟ್ಟರೆ ಸಾಕು, ಉರಿ ಹಿಡಿಯುತ್ತದೆ. ಒಲೆಗೆ ಏರಿಸುವ ಮೊದಲು ಪಾತ್ರೆಯ ಹೊರಮೈಗೆ ಮಣ್ಣು, ಬೂದಿ ಕಲಸಿ ಬಳಿಯಬೇಕು. ಆಮೇಲೆ ಮಸಿಯೆಲ್ಲ ಆ ಮಣ್ಣಿನ ಜೊತೆಗೇ ತೊಳೆದು ಹೋಗುತ್ತದೆ. ಕುಡಿಯುವ ನೀರಿನಲ್ಲಿ ಪಟಿಕದ ಹರಳನ್ನು ನಾಲ್ಕು ಸುತ್ತು ತಿರುಗಿಸಿ ಬಿಟ್ಟರೆ ಕೆಸರು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದು ಕುದಿಸಬೇಕು.

ನನ್ನ ಪಾಲಿನದು ಊಟ. ಖಡಕ್ ರೊಟ್ಟಿ ಬಡಿದು ಒಣಗಿಸಿದೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಕುಟ್ಟಿದೆ. ಹದಿನೈದು ದಿನವಾದರೂ ಕೆಡದ ರೊಟ್ಟಿಯನ್ನು ನೋಡಿ ಅಕ್ಕ, ಇದು ಗೊತ್ತಿದ್ದರೆ ನಮ್ಮಪ್ಪ ಬೇಟೆಗೆ ಹೋದವರು ಮನೆಗೇ ಬರುತ್ತಿರಲಿಲ್ಲ ಎಂದರು.

ಒಂದು ಭಾನುವಾರ ನಾವಿಬ್ಬರೂ ಊರಾಚೆಯ ಬೋಡಕ್‌ದೇವ್ ಕಡೆಗೆ ನಡೆದುಹೋದೆವು. ಆಗ ಅಲ್ಲಿ ಹೊಲಗಳು, ದನಗಳು, ಒಂದಿಷ್ಟು ಹುಲ್ಲಿನ ಬಣವೆಗಳು. ವನಸ್ಪತಿ ತುಪ್ಪದ ಖಾಲಿ ಡಬ್ಬದ ಬುಡದ ಪಕ್ಕದಲ್ಲಿ ತೂತು ಕೊರೆದು, ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ, ಬಾಟಲಿಯನ್ನು ಮೆಲ್ಲಗೆ ಎಳೆದರೆ ಒಲೆ ಸಿದ್ಧ. ಆ ಒಲೆಯ ಮೇಲೆ ಅನ್ನ ಬೆಂದಿತು, ಬೇಳೆ ಬೆಂದಿತು, ಆಮೇಲೆ ಚಹಾ ಕೂಡ ಕುದಿಯಿತು. ನಮಗೆ ಹೋಗಬೇಕಾದ ಜಾಗ ಮಾತ್ರ ಇರಲಿಲ್ಲ. ಸಂಜೆ ಮನೆಗೇ ಬಂದೆವು.

ಜಾಗ ಸಿಕ್ಕಿದ್ದು ಆ ಚಳಿಗಾಲದಲ್ಲಿ. ವಡೋದರಾದಿಂದ ಪೂರ್ವಕ್ಕೆ, ಗುಡ್ಡಗಳ ಮಗ್ಗುಲಲ್ಲಿ ಒಂದು ವಾರದ ಡೇರೆ. ಹೊರಡುವ ಎರಡು ದಿನ ಮೊದಲು ಡೇರೆಯ ಅಡಿಗೆಯವನು ಮಲೇರಿಯಾ ಹಿಡಿದು ಮಲಗಿದ. ನಾನು ಗಂಡನಿಗೆ ಹೇಳಿದೆ: "ಅಡಿಗಿ ಮಾಡಾಂವಗ ಜ್ವರಾ ಬಂದದ. ನಾವಿಬ್ಬರೂ ಬರ್ತೇವಿ. ನೀವು ಉಪವಾಸ ಇರೂದ್ಕಿಂತ ಛೊಲೋ ಅಲ್ಲೇನು?"

ಹೆಣ್ಣುಮಕ್ಕಳು ಡೇರೆಯಲ್ಲಿ ಇರುವುದೆಂದರೆ ಜನ ಏನೆಂದಾರು ಎಂದು ಅವರು ಒಂದು ದಿನ ತಳ್ಳಿದರು. ಕೆಳಗಿನ ಮನೆಯಲ್ಲಿ ಅಕ್ಕ ತಮ್ಮ ಯಜಮಾನರಿಗೆ ಏನು ಹೇಳಿದರೋ ಗೊತ್ತಿಲ್ಲ, ಮರುದಿನ ಒಪ್ಪಿಗೆ ಬಂತು. ಜೀಪಿನಲ್ಲಿ ಸಾಮಾನು ಏರಿಸುವಾಗ ಕಂಬಳಿಯ ಸುರುಳಿಯೂ ಏರಿತು. ಯಾರೂ ಕೇಳಲಿಲ್ಲ.

ಡೇರೆ ಹಾಕಿದ್ದು ಒಂದು ಒಣಹಳ್ಳದ ದಡದಲ್ಲಿ. ಸುತ್ತ ತೊಗರಿ ಹೊಲ, ಅದರಾಚೆ ಕುರುಚಲು ಕಾಡು. ಅಕ್ಕ ಡೇರೆಯ ಸುತ್ತ ಮೊಣಕಾಲೆತ್ತರಕ್ಕೆ ದಾರ ಎಳೆದು, ಕಲ್ಲು ತುಂಬಿದ ಖಾಲಿ ಡಬ್ಬಗಳನ್ನು ನೇತುಹಾಕಿದರು. ಬೂಟುಗಳನ್ನು ಗೂಟಕ್ಕೆ ಬೋರಲು ಸಿಕ್ಕಿಸಿದರು, ಚೇಳು ಹೊಗದಂತೆ. ಗಂಡಸರು ಯಂತ್ರದ ಮುಂದೆ ಕೂತರೆ ಏಳುತ್ತಿರಲಿಲ್ಲ. ಮೊದಲ ಎರಡು ದಿನ ನನಗೆ ಹಬ್ಬದಂತೆ ಕಳೆಯಿತು. ಮೂರನೆಯ ದಿನಕ್ಕೆ ಮತ್ತೆ ಕಾಲು ತುರಿಸತೊಡಗಿತು. ಇಲ್ಲಿಯೂ ಹತ್ತು ಗಂಟೆಗೆ ಅಡಿಗೆ ಮುಗಿದಿರುತ್ತಿತ್ತು. ಅಕ್ಕನೂ ಹಳ್ಳದ ದಡದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು.

ಆ ದಿನ ಮಧ್ಯಾಹ್ನ ಹೊಲದ ಒಡೆಯ ಬಂದ. ಬಿಳಿ ಪಗಡಿಯ ಮುದುಕ, ಇರುವೆಯನ್ನೂ ತುಳಿಯದೆ ದಾಟಿ ನಡೆಯುವಂಥವನು. ಹಂದಿಯೊಂದು ದಿನವೂ ಸಂಜೆ ಬಂದು ತೊಗರಿಯನ್ನು ಉರುಳಿಸಿ ತಿನ್ನುತ್ತಿದೆ, ಅರ್ಧ ಹೊಲ ಹೋಯಿತು, ನಿಮ್ಮಲ್ಲಿ ಬಂದೂಕು ಇದೆ ಎಂದು ಕೇಳಿದೆ ಎಂದು ಗಂಡಸರ ಮುಂದೆ ಕೈಮುಗಿದ. ಬಂದೂಕು ಯಾರದೆಂದು ತಿಳಿದಾಗ ಅಕ್ಕನ ಕಡೆ ತಿರುಗಿ, ತಂಗಿಯನ್ನು ಕರೆಯುವಂತೆ, "ಬೆನ್, ಸದ್ದು ಮಾಡಿ ಓಡಿಸಿದರೆ ಸಾಕು," ಎಂದ. ಕೊಲ್ಲು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಓಡಿಸಿದರೆ ನಾಳೆ ಮತ್ತೆ ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಆ ಸಂಜೆ ಅಕ್ಕ ಹೊಲದ ಬದುವಿನಲ್ಲಿ ಕೂತರು. ನಾನು ಅವರ ಹಿಂದೆ. ನಮ್ಮ ವಾಸನೆ ಹಂದಿಗೆ ಸಿಗದಂತೆ ಗಾಳಿ ನಮ್ಮ ಮುಖಕ್ಕೆ ಬರುವ ಹಾಗೆ ಕೂರಬೇಕೆಂದು ಬೂದಿಯನ್ನು ಚಿಟಿಕೆ ಚಿಟಿಕೆಯಾಗಿ ಹಾರಿಸಿ ಜಾಗ ಆರಿಸಿದ್ದರು. ಸೂರ್ಯ ಇಳಿದ. ಏನೂ ಬರಲಿಲ್ಲ. ಅಕ್ಕ ಕೋವಿಯನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಿಸಿದರು, ಮತ್ತೆ ಬದಲಿಸಿದರು. ಬೆಳಕು ಮಾಸಿ ತೊಗರಿಯ ಗಿಡವೂ ನೆಲವೂ ಒಂದೇ ಬಣ್ಣವಾದ ಹೊತ್ತಿಗೆ ಗಿಡಗಳು ಅಲುಗಾಡಿದವು. ಕಪ್ಪಗೆ ಏನೋ ಕಂಡಿತು. ಈಡು ಹಾರಿತು. ಒಂದು ಕೂಗು, ಗಿಡ ಮುರಿಯುವ ಸದ್ದು, ಆಮೇಲೆ ಏನೂ ಇಲ್ಲ.

ನಾನು ಎದ್ದು ಓಡಲು ಹೊರಟೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದರು. ಗಾಯವಾದ ಹಂದಿಯ ಹಿಂದೆ ಕತ್ತಲಲ್ಲಿ ಹೋಗಬಾರದು. ಬದುವಿನ ಮೇಲೆ ಮೂರು ಕಲ್ಲು ಪೇರಿಸಿ ಗುರುತು ಮಾಡಿ ಡೇರೆಗೆ ಬಂದೆವು. ಅಕ್ಕ ಊಟ ಮಾಡಲಿಲ್ಲ.

ಬೆಳಕು ಹರಿಯುವ ಮೊದಲೇ ಅವರು ಸಿದ್ಧರಾಗಿದ್ದರು. ಗಾಯ ಮಾಡಿದ ಪ್ರಾಣಿಯನ್ನು ಬಿಟ್ಟು ಬರುವ ಹಾಗಿಲ್ಲ ಎಂದು ತಮ್ಮ ಯಜಮಾನರಿಗೆ ಹೇಳಿದರು. ಅವರು ತಾವೂ ಬರುತ್ತೇನೆಂದರು. ಅಕ್ಕ ಬೇಡ ಎಂದು ನನ್ನನ್ನು ಕರೆದರು. ನನ್ನ ಗಂಡ ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ನೀರಿನ ಬಾಟಲಿ ತುಂಬಿಸಿ ಕೊಟ್ಟರು.

ರಕ್ತದ ಹನಿಗಳು ಹೊಲದಿಂದ ಕುರುಚಲಿಗೆ ಹೋಗಿದ್ದವು. ಅಕ್ಕ ನನ್ನ ಹಳೆಯ ಸೀರೆಯ ಅಂಚನ್ನು ಹರಿದು ಚೂರು ಮಾಡಿದ್ದರು. ಹತ್ತು ಹೆಜ್ಜೆಗೊಂದು ಚೂರನ್ನು ಗಿಡಕ್ಕೆ ಕಟ್ಟುತ್ತ ಬಾ, ಹಿಂದಿರುಗಿ ನೋಡಿದರೆ ಹಂದಿ ಹೋದ ದಿಕ್ಕೂ ತಿಳಿಯುತ್ತದೆ, ನಮ್ಮ ದಾರಿಯೂ ತಿಳಿಯುತ್ತದೆ ಎಂದರು. ಗಂಟೆ ಹೊತ್ತು ಹೀಗೆ ನಡೆದೆವು. ಹನಿಗಳು ದೂರ ದೂರವಾಗಿ, ಒಂದು ಒಣ ಎಲೆಯ ಮೇಲೆ ನಿಂತುಹೋದವು.

"ಇದು ಕೊನೆಯ ಹನಿ. ನೀನು ಇದರ ಪಕ್ಕದಲ್ಲೇ ನಿಂತಿರು. ನಾನು ಸುತ್ತು ಹಾಕಿ ಮುಂದಿನದು ಹುಡುಕ್ತೇನೆ. ನಾನು ಕರೆಯೋವರೆಗೆ ಕಾಲು ಎತ್ತಬೇಡ."

ಚೂರುಗಳು ಮುಗಿದಿದ್ದವು. ನಾನು ನಿಂತೆ. ಅಕ್ಕ ಗಿಡಗಳ ಹಿಂದೆ ಮರೆಯಾದರು. ಐದು ನಿಮಿಷ ಆಗಿರಬಹುದು, ಹತ್ತು ಆಗಿರಬಹುದು. ಎಲ್ಲೋ ಒಂದು ಹಕ್ಕಿ ಒಂದೇ ಸಮ ಕೂಗುತ್ತಿತ್ತು. ಬಲಗಡೆ ಇಳಿಜಾರಿನಲ್ಲಿ ಏನೋ ಕೆಂಪಗೆ ಕಂಡಂತಾಯಿತು. ಎರಡು ಹೆಜ್ಜೆ ತಾನೇ, ನೋಡಿ ಬಂದರಾಯಿತು ಎಂದುಕೊಂಡೆ. ಎರಡು ಹೋಗಿ ಹತ್ತಾಯಿತು. ಕೆಂಪಗಿದ್ದದ್ದು ಮುತ್ತುಗದ ಒಣಗಿದ ಎಲೆ. ಹಿಂದಿರುಗಿದಾಗ ಎಲ್ಲ ಗಿಡಗಳೂ ಒಂದೇ ಥರ ಇದ್ದವು, ಎಲ್ಲ ಎಲೆಗಳೂ ಒಂದೇ ಥರ.

ಅಕ್ಕ ಬಂದಾಗ ನಾನು ಅಳುವ ಸ್ಥಿತಿಯಲ್ಲಿದ್ದೆ.

"ಅಕ್ಕಾ, ನಾ ಸ್ವಲ್ಪ ಆ ಕಡೆ ಹೋದೆ. ಈಗ ಎಲ್ಲೆ ನಿಂತಿದ್ದೆ ಅಂತ ತಿಳೀವಲ್ದು."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. ಕೋವಿಯನ್ನು ಮರಕ್ಕೆ ಆನಿಸಿ, ಕೊನೆಯ ಚೂರು ಕಟ್ಟಿದ ಗಿಡದಿಂದ ಶುರು ಮಾಡಿ ಮಂಡಿಯೂರಿ ನೆಲ ನೋಡುತ್ತ ಬಂದರು. ನಾನೂ ಮಂಡಿಯೂರಿದೆ. ಬಿಸಿಲು ಏರಿತು. ಎಷ್ಟೋ ಹೊತ್ತು ಕಳೆಯಿತು. ಆ ಹೊತ್ತಿನಲ್ಲಿ ಎಲ್ಲೋ ಒಂದು ಪ್ರಾಣಿ ನರಳುತ್ತ ಮಲಗಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳು ನಾನು, ಬೇಗ ಸಿಗಲಿ, ಬೇಗ ಮುಗಿಯಲಿ ಎಂದು ದೇವರನ್ನು ಬೇಡುತ್ತಿದ್ದೆ.

"ಇರುವೆ ನೋಡು," ಎಂದರು ಅಕ್ಕ. "ರಕ್ತ ಒಣಗಿದ ಮೇಲೆ ಕಣ್ಣಿಗೆ ಕಾಣೋದಿಲ್ಲ. ಇರುವೆಗೆ ಗೊತ್ತಾಗ್ತದೆ."

ಇರುವೆಗಳನ್ನು ಕಂಡದ್ದು ನಾನೇ. ಒಂದು ಎಲೆಯ ಅಂಚಿನಲ್ಲಿ ಕಪ್ಪಗೆ ಮುತ್ತಿದ್ದವು. ಈ ಸಲ ನಾನು ಆ ಎಲೆಯ ಪಕ್ಕದಲ್ಲಿ ಕೂತು, ಎರಡು ಕೈಯಿಂದಲೂ ಗಿಡದ ಬುಡವನ್ನು ಹಿಡಿದುಕೊಂಡೆ. ಅಕ್ಕ ಸುತ್ತು ಹಾಕಿ ಕೆಳಗಿನ ಹಳ್ಳದ ತಿರುವಿನಿಂದ ಕರೆದರು. ಅಲ್ಲಿ ಲಂಟಾನದ ಪೊದೆಯ ಕೆಳಗೆ, ಸ್ವಲ್ಪ ನೀರು ನಿಂತಿದ್ದ ಕೆಸರಿನಲ್ಲಿ, ಹಂದಿ ಮಲಗಿತ್ತು. ಹಿಂದಿನ ಕಾಲಿನ ಮೇಲ್ಭಾಗ ಒಡೆದಿತ್ತು. ನಮ್ಮನ್ನು ನೋಡಿ ಏಳಲು ಹೋಯಿತು, ಆಗಲಿಲ್ಲ. ಅಕ್ಕ ನನ್ನನ್ನು ಒಂದು ಬಂಡೆಯ ಮೇಲೆ ಹತ್ತಿಸಿ, ಹತ್ತಿರ ಹೋಗಿ, ಕಿವಿಯ ಹಿಂದೆ ಒಂದೇ ಈಡು ಹೊಡೆದರು.

ಆಮೇಲೆ ಅವರು ನೆಲದ ಮೇಲೆ ಕೂತುಬಿಟ್ಟರು. ನಾನು ನೀರಿನ ಬಾಟಲಿಯನ್ನು ಅವರ ಬಾಯಿಗೆ ಹಿಡಿದೆ.

ಗುಡ್ಡದ ಮೇಲಿನ ಗುಡಿಸಲುಗಳಿಂದ ಈಡಿನ ಸದ್ದು ಕೇಳಿ ನಾಲ್ವರು ಕೂಲಿಯಾಳುಗಳು ಬಂದರು. ಅಕ್ಕ ಹಂದಿಯನ್ನು ಅವರಿಗೇ ಬಿಟ್ಟರು, ತಮಗೆಂದು ಒಂದು ತುಂಡೂ ತೆಗೆದುಕೊಳ್ಳಲಿಲ್ಲ. ಹೊಲದ ಮುದುಕ ನೋಡಲು ಬರಲಿಲ್ಲ. ಸಂಜೆ ಒಂದು ಬಿಂದಿಗೆ ಹಾಲನ್ನು ಡೇರೆಯಿಂದ ದೂರದಲ್ಲಿ ಇಡಿಸಿ ಹೋದ.

ನನ್ನ ಗಂಡ ಎರಡು ದಿನ ಊಟವನ್ನೂ ಯಂತ್ರದ ಮುಂದೆಯೇ ತರಿಸಿಕೊಂಡರು. ಹಿಂದಿರುಗುವಾಗ ವಡೋದರಾದ ಸ್ಟೇಷನ್ ಹತ್ತಿರ ನಮ್ಮ ಕರಾವಳಿಯವರೊಬ್ಬರ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ, ಅಲ್ಲಿ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರು. ಹಂದಿಗೆ ಹೆದರಲಿಲ್ಲ, ನಿಲ್ಲು ಎಂದರೆ ನಿಲ್ಲಲಾಗದ ನನ್ನ ಕಾಲಿಗೇ ಹೆದರಿದೆ ಎಂದೆ. ಅವರು, ಮುಂದಿನ ಡೇರೆಗೂ ಬರುತ್ತೀಯಾ ಎಂದರು. ಬಂದೆ. ಆಮೇಲೆಯೂ ಮೂರು ನಾಲ್ಕು ಸಲ ಹೋದೆ.

ಎರಡು ವರ್ಷದ ಮೇಲೆ ಅಕ್ಕನ ಯಜಮಾನರು ಆ ಕೆಲಸ ಬಿಟ್ಟು ಸೂರತ್ತಿಗೆ ಹೋದರು. ಪಾಂಡೇಸರಾದಲ್ಲಿ ಆಗತಾನೇ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳು ಏಳುತ್ತಿದ್ದವು; ಅಲ್ಲಿ ಯಂತ್ರಗಳ ಉಸ್ತುವಾರಿ. ಒಂದು ಬೇಸಿಗೆ ನಾನು ಅವರ ಮನೆಗೆ ಹೋದೆ. ಬಾಗಿಲು ತೆರೆದರೆ ಬಣ್ಣದ ಘಾಟು. ಕಪಾಟಿನ ಮೇಲೆ ಕಂಬಳಿಯ ಸುರುಳಿ ಇರಲಿಲ್ಲ. ಕೇಳಿದೆ. ಊರಿಗೆ, ತಮ್ಮನಿಗೆ ಕಳಿಸಿದೆ ಎಂದರು. ಆ ಹಂದಿಯ ಸಂಕಟ ನೋಡಿದ್ದಕ್ಕೋ ಎಂದೆ.

ಅಕ್ಕ ಕಿಟಕಿಯ ಹತ್ತಿರ ನಿಂತವರು ಬಂದು ಕೂತರು, ಮತ್ತೆ ಎದ್ದರು.

"ಸಂಕಟ ನಾನು ಸಣ್ಣವಳಿದ್ದಾಗಿಂದ ನೋಡಿದ್ದೇನೆ. ಅದಲ್ಲ. ಆ ಸಂಜೆ ಬೆಳಕು ಸಾಲದು ಅಂತ ನನಗೆ ಗೊತ್ತಿತ್ತು. ನಾಳೆ ಹೊಡೆಯೋಣ ಅಂತ ಎದ್ದು ಬರಬಹುದಿತ್ತು. ಕೂತು ಕೂತು ತಡೆಯಲಿಕ್ಕೆ ಆಗಲಿಲ್ಲ. ನಿಂತ ಜಾಗ ಬಿಟ್ಟು ಹೋದ ನಿನ್ನನ್ನು ಏನಂತ ಬಯ್ಯಲಿ ನಾನು?"

ಅವರು ಉತ್ತರಕ್ಕೆ ಕಾಯಲಿಲ್ಲ. ಬಿಸಿಲು ಇಳಿದಿದೆ, ತಾಪಿಯ ದಡಕ್ಕೆ ಹೋಗಿ ಬರೋಣ, ಚಪ್ಪಲಿ ಹಾಕಿಕೋ ಎಂದರು. ನಾನು ಹಾಕಿಕೊಳ್ಳುವಷ್ಟರಲ್ಲಿ ಅವರಾಗಲೇ ಬೀದಿಯಲ್ಲಿದ್ದರು.